ಇಳಿಯುವ ಮುನ್ನ

ಸೇಡಂ, ಚಿತ್ತಾಪುರದಿಂದ, ರೈಲೇ ಇಲ್ಲದ ಚಿಂಚೋಳಿಯಿಂದಲೂ ವಾಡಿಗೋ ಶಹಾಬಾದಿಗೋ ಬಂದು ಮುಂಬಯಿ ರೈಲು ಹತ್ತುತ್ತೀರಿ. ಎ.ಸಿ. ಬೋಗಿಯಲ್ಲಿ ರಾತ್ರಿ ಚಾದರ, ದಿಂಬು ತಂದುಕೊಟ್ಟ ಹುಡುಗನ ಮುಖ ನೆನಪಿದೆಯೇ?

ಪ್ರವಾಸಿ ಹಡಗುಗಳಲ್ಲಿ ಈ ಕೃತಜ್ಞತೆಗೂ ಲೆಕ್ಕವಿದೆ. ಅನೇಕ ಕಂಪೆನಿಗಳು ತಲೆಗೆ, ದಿನಕ್ಕೆ ಇಷ್ಟೆಂದು ಬಕ್ಷೀಸನ್ನು ಬಿಲ್ಲಿಗೇ ಸೇರಿಸಿ ಕೋಣೆ ಗುಡಿಸುವವರಿಗೆ, ಊಟ ಬಡಿಸುವವರಿಗೆ ಹಂಚುತ್ತವೆ. ನಮ್ಮ ರೈಲಿನಲ್ಲಿ ಆ ಏರ್ಪಾಡಿಲ್ಲ. ಹಾಸಿಗೆ ಕೊಡುವವರು, ಶೌಚಾಲಯ ತೊಳೆಯುವವರು ಹೆಚ್ಚಾಗಿ ಗುತ್ತಿಗೆ ನೌಕರರು. ಬಕ್ಷೀಸು ಕೇಳಿ ಪಡೆಯುವ ಹಕ್ಕು ಅವರಿಗಿಲ್ಲ, ನಿಜ. ಆದರೆ ಕೇಳದೆ ದುಡಿದವನಿಗೆ?

ಬರ್ತ್‌ಗಾಗಿ ಟಿ.ಸಿ.ಯ ಕೈಗೆ ತುರುಕುವ ನೋಟು ಲಂಚ. ಅಲ್ಲಿ ನಮ್ಮ ಧಾರಾಳತನ ನೋಡಬೇಕು! ಶೌಚಾಲಯ ತೊಳೆದವನಿಗೆ ಮಾತ್ರ ಚಿಲ್ಲರೆ ಹುಡುಕುತ್ತೇವೆ.

ಕೊಡುವುದಾದರೆ ಕೆಲಸ ಮುಗಿದ ಮೇಲೆ, ಇಳಿಯುವ ಮುನ್ನ, ಮಕ್ಕಳ ಕೈಯಿಂದ ಕೊಡಿಸಿ. ಬುತ್ತಿಯ ಕಟಕ ರೊಟ್ಟಿ, ಶೇಂಗಾ ಹಿಂಡಿ ಕೊಡುವ ಮನಸ್ಸಿದ್ದರೆ ನೀವು ಉಣ್ಣಲು ಕೂರುವ ಮೊದಲೇ ತೆಗೆದಿಡಿ, ಮಿಕ್ಕಿದ್ದನ್ನು ಚಾಚಬೇಡಿ. ಹಾಗೆಯೇ ಅವನ ಹೆಸರು ಕೇಳಿಕೊಳ್ಳಿ. ದೂರು ಕೊಡುವ ರೈಲ್‌ಮದದ್‌ನಲ್ಲೇ ಮೆಚ್ಚುಗೆ ಬರೆಯಲೂ ಜಾಗವಿದೆ. ರೈಲಿನ ನಂಬರು, ದಿನಾಂಕದೊಂದಿಗೆ ಆ ಹೆಸರನ್ನೂ ಅಲ್ಲಿ ಬರೆಯಿರಿ.