ರೊಟ್ಟಿ ಯಾರದ್ದು?

ಹಿಟ್ಟು ನಾದುವುದರಿಂದ ಹಿಡಿದು ಎಲ್ಲವನ್ನೂ ಮನೆಯಲ್ಲೇ ಮಾಡಿದರೆ ಮಾತ್ರ ಅದು ಅಡುಗೆ ಎಂದು ವಾದಿಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರು ಸಾಮಾನ್ಯವಾಗಿ ಒಲೆಯ ಹತ್ತಿರ ಇರುವುದಿಲ್ಲ, ತಟ್ಟೆಯ ಮುಂದೆ ಇರುತ್ತಾರೆ.

ಆರ್ಮೇನಿಯದವರ ಲವಾಶ್ ರೊಟ್ಟಿಯನ್ನೇ ನೋಡಿ. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಹುಲ್ಲು ಇಲ್ಲವೇ ಉಣ್ಣೆ ತುಂಬಿದ ದಿಂಬಿನ ಮೇಲೆ ಎಳೆದು ಹಾಸಿ, ಕಾದ ಮಣ್ಣಿನ ಒಲೆಯ ಒಳಗೋಡೆಗೆ ಬಡಿಯಬೇಕು. ಆ ಒಲೆಗೆ ತೊನಿರ್ ಎಂದು ಹೆಸರು. ಹಳ್ಳಿಗಳಲ್ಲಿ ಅದನ್ನು ನೆಲದಲ್ಲಿ ಹೂತಿರುತ್ತಾರೆ. ರೊಟ್ಟಿ ಒಂದು ನಿಮಿಷದೊಳಗೆ ಬೇಯುತ್ತದೆ. ಅಂದರೆ ನಿಮಿಷಕ್ಕೊಮ್ಮೆ ಒಬ್ಬಾಕೆ ಬೆಂಕಿಯ ಬಾಯಿಗೆ ಬಗ್ಗಬೇಕು! ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ನೀರು ಚಿಮುಕಿಸಿದರೆ ಮತ್ತೆ ಮೆತ್ತಗಾಗುತ್ತದೆ. ಮದುವೆಯಲ್ಲಿ ವಧೂವರರ ಹೆಗಲ ಮೇಲೆ ಅದನ್ನು ಹೊದಿಸಿ ಹರಸುತ್ತಾರೆ. ಹೊದಿಸುವುದೇನೋ ಇಬ್ಬರಿಗೂ, ಆಮೇಲೆ ತೊನಿರ್ ಮುಂದೆ ಬಗ್ಗುವವಳು ಒಬ್ಬಳೇ.

2014ರಲ್ಲಿ ಯುನೆಸ್ಕೋ ಆರ್ಮೇನಿಯದ ಲವಾಶನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2016ರಲ್ಲಿ ಅಜರ್‌ಬೈಜಾನ್, ಇರಾನ್, ಟರ್ಕಿ ಮೊದಲಾದ ಐದು ದೇಶಗಳು ಲವಾಶ್ ಮತ್ತಿತರ ತೆಳು ರೊಟ್ಟಿಗಳನ್ನು ತಮ್ಮ ಹೆಸರಿನಲ್ಲೂ ಬರೆಸಿಕೊಂಡವು. 2017ರಲ್ಲಿ ದೋಲ್ಮಾ ಅಜರ್‌ಬೈಜಾನಿನ ಹೆಸರಿನಲ್ಲಿ ಪಟ್ಟಿ ಸೇರಿತು. ಆರ್ಮೇನಿಯದವರು ಅದನ್ನೇ ಟೋಲ್ಮಾ ಎಂದು ಕರೆದು ತಮ್ಮದೆನ್ನುತ್ತಾರೆ. ರೊಟ್ಟಿ ಯಾವ ದೇಶದ್ದು ಎಂಬ ಜಗಳಕ್ಕೆ ಇಷ್ಟೆಲ್ಲ ಕಾಗದ ಖರ್ಚಾಯಿತು. ಅದು ಯಾರ ಸೊಂಟದ ನೋವು ಎಂದು ಕೇಳಿದವರಿಲ್ಲ. ಯುನೆಸ್ಕೋದ ವಿವರಣೆಯಲ್ಲೇ ಇದೆ: ಲವಾಶ್ ಮಾಡುವವರು ಹೆಂಗಸರ ಸಣ್ಣ ಗುಂಪುಗಳು. ಗಂಡಸರ ಪಾಲು ದಿಂಬು ಮಾಡುವುದು, ಒಲೆ ಕಟ್ಟುವುದು. ಒಲೆ ಒಮ್ಮೆ ಕಟ್ಟಿದರೆ ಮುಗಿಯಿತಲ್ಲ!

ಹಾಗೆಂದು ಈ ಅಡುಗೆಯೇ ಬೇಡ ಎನ್ನುವವಳಲ್ಲ ನಾನು. 1915ರ ನರಮೇಧದಲ್ಲಿ ಮನೆಮಠ ಕಳೆದುಕೊಂಡು ಅಲೆಪ್ಪೊ, ಬೈರೂತ್‌ಗಳನ್ನು ಸೇರಿದವರು ಹೊತ್ತು ತಂದ ಆಸ್ತಿಯಲ್ಲಿ ಅಡುಗೆಯೂ ಒಂದು. ಅದನ್ನು ತಾತ್ಸಾರ ಮಾಡಲು ಯಾರಿಗೆ ಹಕ್ಕಿದೆ? ಆ ವರ್ಷ ಮೂಸಾ ದಾಗ್ ಬೆಟ್ಟವೇರಿ ಸೈನ್ಯವನ್ನು ತಡೆದು ನಿಂತ ಹಳ್ಳಿಗರನ್ನು ಸೆಪ್ಟೆಂಬರಿನಲ್ಲಿ ಫ್ರೆಂಚ್ ಹಡಗುಗಳು ಪಾರುಮಾಡಿದವು. ಅವರ ನೆನಪಿಗೆ ಇಂದಿಗೂ ಸೆಪ್ಟೆಂಬರಿನಲ್ಲಿ ಹರೀಸಾ ಬೇಯಿಸುತ್ತಾರೆ: ಗೋಧಿ, ಮಾಂಸ, ರಾತ್ರಿಯಿಡೀ ಉರಿ. ಡೋಲಿನ ಸದ್ದಿಗೆ ಕೊಪ್ಪರಿಗೆ ಕಲಕುವವರು ಗಂಡಸರು! ಅಂದಮೇಲೆ ಅವರಿಗೆ ಬಾರದ ವಿದ್ಯೆಯೇನಲ್ಲ ಎಂದಾಯಿತು. ವರ್ಷಕ್ಕೊಮ್ಮೆ ಊರೆದುರು ಕಲಕುವ ಕೈ ಮನೆಯೊಳಗೆ ಬಂದೊಡನೆ ಯಾಕೆ ಸೋಲುತ್ತದೆ?

ಉಪವಾಸದ ದಿನಗಳಿಗೆಂದು ಅವರಲ್ಲಿ ಮಾಂಸವಿಲ್ಲದ ಟೋಲ್ಮಾ ಇದೆ, ಪಾಸುಟ್ಸ್ ಟೋಲ್ಮಾ. ನಾನು ಮಾಡಿದ್ದೇನೆ. ಕಡಲೆ, ಹುರುಳಿಕಾಯಿಯ ಬೀಜ, ಮಸೂರ, ಗೋಧಿ ನುಚ್ಚು ಎಲ್ಲ ಸೇರಿ ಏಳು ಬಗೆ ಇರಬೇಕಂತೆ. ರಾತ್ರಿ ನೆನೆಸಿ, ಬೆಳಿಗ್ಗೆ ಬೇಯಿಸಿ, ಎಲೆಕೋಸಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಬಿಸಿನೀರಿಗೆ ಹಾಕಿ ಮೆತ್ತಗೆ ಮಾಡಿಕೊಂಡು ಹೂರಣ ಸುತ್ತಬೇಕು. ನಲವತ್ತು ಸುರುಳಿ ನಾನೊಬ್ಬಳೇ ಸುತ್ತುವುದಿಲ್ಲ ಎಂದು ಮೊದಲೇ ಹೇಳಿದೆ. ಗಂಡ, ಮಗ ಇಬ್ಬರೂ ಕೂತರು. ಅವರು ಸುತ್ತಿದ್ದರಲ್ಲಿ ಅರ್ಧ ಪಾತ್ರೆಯೊಳಗೇ ಬಿಚ್ಚಿಕೊಂಡವು. ಅವನ್ನು ಅವರ ತಟ್ಟೆಗೇ ಬಡಿಸಿದೆ.