ಏಕಮುಖ ರಸ್ತೆಗಳೂ ಡಿಜಿಟಲ್ ನಕ್ಷೆಗಳೂ

ವಾಹನ ನಡೆಸುವವರು ದಾರಿಹೋಕರನ್ನು ದಾರಿ ಕೇಳುವ ಕಾಲವು ಬಹುಮಟ್ಟಿಗೆ ಕಳೆದುಹೋಯಿತು. ಮೊಬೈಲಿನ ನಕ್ಷೆಯು ತೋರಿದತ್ತ ತಿರುಗುವುದೇ ಇಂದಿನ ರೂಢಿಯಾಗಿದೆ. ಆ ನಕ್ಷೆಯು ಏಕಮುಖ ಸಂಚಾರದ ಬೀದಿಯನ್ನು ಉಭಯಮುಖವೆಂದು ತೋರಿಸಿದಲ್ಲಿ, ನಂಬಿ ಹೊಕ್ಕವನ ಪ್ರಾಣಕ್ಕೇ ಅಪಾಯವುಂಟು. ದಂಡನೆಗೆ ಗುರಿಯಾಗುವವನೂ ಅವನೇ. 1988ರ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು, ಸಂಚಾರದ ನಿಯತ ದಿಕ್ಕಿಗೆ ಎದುರಾಗಿ ಓಡಿಸುವುದನ್ನು ಅಪಾಯಕರವಾದ ಚಾಲನೆಯ ಲಕ್ಷಣಗಳಲ್ಲಿ ಸೇರಿಸಿ, ಮೊದಲನೆಯ ಅಪರಾಧಕ್ಕೇ 5,000 ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ಸೆರೆವಾಸವನ್ನೂ ವಿಧಿಸಲು ಅವಕಾಶವಿತ್ತಿತು.

ಈ ತಪ್ಪುಗಳು ಹೇಗೆ ಸಂಭವಿಸುತ್ತವೆ? 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಗಿ ಸ್ವಯಂಸೇವಕರಿಂದ ಬೆಳೆದ 'ಓಪನ್‌ಸ್ಟ್ರೀಟ್‌ಮ್ಯಾಪ್' ಎಂಬ ನಕ್ಷೆಯನ್ನು ನೋಡಬಹುದು. ಅದರಲ್ಲಿ ರಸ್ತೆಯೆಂಬುದು ಬಿಂದುಗಳನ್ನು ಕ್ರಮವಾಗಿ ಜೋಡಿಸಿದ ಗೆರೆ. ಏಕಮುಖವೆಂದು ಗುರುತಿಸಿದೊಡನೆ, ಗೆರೆಯನ್ನೆಳೆದ ದಿಕ್ಕೇ ಸಂಚಾರದ ದಿಕ್ಕಾಗುವುದು. ಗೆರೆಯು ತಿರುವುಮುರುವಾದರೆ ನಿಯಮವೂ ತಿರುವುಮುರುವಾಗುವುದು. ತಿರುವಿನ ನಿಷೇಧಕ್ಕಾದರೋ ಬರುವ ರಸ್ತೆ, ಕೂಡುವ ಸ್ಥಳ, ಹೋಗುವ ರಸ್ತೆ, ಈ ಮೂರನ್ನೂ ಹೇಳಬೇಕು. ನಿಷೇಧವು ಬೆಳಗಿನ ಕೆಲವು ಗಂಟೆಗಳಿಗೆ ಮಾತ್ರವಿದ್ದರೆ, ಇಲ್ಲವೆ ಬಸ್ಸುಗಳಿಗೆ ವಿನಾಯಿತಿಯಿದ್ದರೆ, ಅದನ್ನೂ ಬೇರೆಯಾಗಿ ಬರೆಯಬೇಕು. ಇವೆಲ್ಲಕ್ಕೂ ನಕ್ಷೆಯಲ್ಲಿ ಸ್ಥಾನವುಂಟು; ಇಲ್ಲದಿರುವುದು ನಂಬಲರ್ಹವಾದ ವರ್ತಮಾನವೇ.

ಕಾಯಿದೆಯ 115ನೆಯ ಕಲಮಿನ ಮೇರೆಗೆ ಇಂತಹ ನಿರ್ಬಂಧಗಳು ಗೆಜೆಟ್ಟಿನಲ್ಲಿ ಪ್ರಕಟವಾಗತಕ್ಕವು. ಒಂದು ತಿಂಗಳನ್ನು ಮೀರದವುಗಳಿಗೆ ಅದೂ ಬೇಕಿಲ್ಲ, ಸ್ಥಳೀಯ ಪ್ರಚಾರವೇ ಸಾಕು. ನಕ್ಷೆ ಬರೆಯುವವನು ಗೆಜೆಟ್ಟಿನ ಪುಟಗಳನ್ನು ಮಗುಚಬೇಕು, ಇಲ್ಲವೆ ಮರದ ಕೊಂಬೆ ಮರೆಮಾಡಿದ ಫಲಕವನ್ನು ಬೀದಿಯ ಮೂಲೆಯಲ್ಲಿ ಹುಡುಕಬೇಕು. ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನಗಳ ಕಾಯಿದೆಯು, ಸಂಚಾರದ ಆಜ್ಞೆಗಳ ವಿವರಗಳನ್ನು ಒದಗಿಸುವಂತೆ ಸ್ಥಳೀಯ ಅಧಿಕಾರಿಗಳನ್ನು ಕಟ್ಟುಪಡಿಸಲು ಅಲ್ಲಿನ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ.

ನಕ್ಷೆಗಳಿಂದ ಖಾಸಗಿ ಕಂಪೆನಿಗಳು ಲಾಭ ಪಡೆಯುತ್ತವೆ, ಅದಕ್ಕೆ ಸರ್ಕಾರವೇಕೆ ದುಡಿಯಬೇಕೆಂದು ಕೆಲವರು ಕೇಳಬಹುದು. ಆದರೆ ಆಂಬುಲೆನ್ಸಿನಲ್ಲಿರುವ ರೋಗಿಯೂ ಅದೇ ನಕ್ಷೆಯನ್ನು ನಂಬಿ ಸಾಗುತ್ತಾನೆಂಬುದನ್ನು ಮರೆಯಲಾಗದು. ಪ್ರಜೆಯನ್ನು ದಂಡಿಸುವ ಆಜ್ಞೆಯನ್ನು ಆತನಿಗೆ ತಿಳಿಸುವುದು ಆಜ್ಞಾಪಿಸಿದವರ ಕರ್ತವ್ಯ. ಆದುದರಿಂದ ಪ್ರತಿಯೊಂದು ಏಕಮುಖ ಆಜ್ಞೆಯ ಬೀದಿ, ದಿಕ್ಕು, ವೇಳೆ, ವಿನಾಯಿತಿ, ಆರಂಭ ಮತ್ತು ಮುಕ್ತಾಯದ ದಿನ ಇವುಗಳನ್ನು, ಗಣಕಯಂತ್ರವು ಓದಬಲ್ಲ ಒಂದೇ ನಮೂನೆಯಲ್ಲಿ, ಆಜ್ಞೆ ಹೊರಡುವ ದಿನವೇ ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಪ್ರಕಟಿಸಬೇಕೆಂದು ಸರ್ಕಾರದವರನ್ನು ಒತ್ತಾಯಪಡಿಸುತ್ತೇವೆ. ತಾತ್ಕಾಲಿಕ ನಿರ್ಬಂಧಗಳನ್ನೂ ಇದರಿಂದ ಹೊರಗಿಡಬಾರದು.