ಹೊಗೆಯ ಲೆಕ್ಕ ಲಾರಿಯವನ ತಲೆಗೇ ಏಕೆ?

ಹಳೆಯ ಲಾರಿ ಮಾರಿ ಹೊಸದು ಕೊಂಡರೆ ಧಾರಾವಿಯ ಹೊಗೆ ತೀರುತ್ತದೆ ಎನ್ನುವುದು ಅರ್ಧ ಸತ್ಯ. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್-6 ಡೀಸೆಲ್ ಎಂಜಿನ್ ಹಿಂದಿನದಕ್ಕಿಂತ ಶುದ್ಧ, ಆದರೆ ಚೆನ್ನಾಗಿ ಬಿಸಿಯೇರಿದಾಗ. ಫಿಲ್ಟರಿನಲ್ಲಿ ಕೂತ ಮಸಿ ಸುಡಲು, ಯೂರಿಯಾ ದ್ರಾವಣ ನೈಟ್ರೋಜನ್ ಆಕ್ಸೈಡನ್ನು ತಗ್ಗಿಸಲು ಶಾಖ ಬೇಕು. ಹೆದ್ದಾರಿಯಲ್ಲಿ ಅದು ಸಿಗುತ್ತದೆ. 90 ಫೀಟ್ ರಸ್ತೆಯಲ್ಲಿ ತೆವಳುತ್ತ, 13ನೇ ಕಾಂಪೌಂಡಿನ ಮುಂದೆ ಪ್ಲಾಸ್ಟಿಕ್ ಮೂಟೆಗಳಿಗೆ ಕಾಯುತ್ತ ನಿಂತರೆ ಸಿಗದು. ಫಿಲ್ಟರ್ ಕಟ್ಟಿಕೊಂಡ ಖರ್ಚು ಮಾಲೀಕನ ತಲೆಗೆ, ವಿಷಗಾಳಿ ಚಾಳಿನ ಮಕ್ಕಳ ಎದೆಗೆ.

ಮುಂಬೈಯ ಕಸವನ್ನು ಕಾಸು ಮಾಡುವವರಿಗೆ ದಂಡದ ಚೀಟಿ ಹರಿದುಕೊಟ್ಟು ಕೈತೊಳೆದುಕೊಂಡರೆ ಅದು ನ್ಯಾಯವೇ? ದೊಡ್ಡ ಲಾರಿಗಳು ಮುಖ್ಯರಸ್ತೆಯಲ್ಲೇ ನಿಲ್ಲಲಿ. ಗಲ್ಲಿಯೊಳಗಿನ ಸಾಗಣೆಗೆ ವಿದ್ಯುತ್ ಗಾಡಿ, ಅದಕ್ಕೆ ಕಡಿಮೆ ಬಡ್ಡಿಯ ಸಾಲ, ಚಾರ್ಜ್ ಮಾಡಲು ಜಾಗ ಕೊಡಿ. ದಂಡದ ಮಾತು ಆಮೇಲೆ.